ಐತಿಹ್ಯ, ಶಾಸನ ಮತ್ತು ಹಕ್ಕು: ಚುಂಚನಕಟ್ಟೆ ಸೀಮೆಯ ಬುಡಕಟ್ಟು ಅಧ್ಯಯನಗಳ ಚರಿತ್ರೆ

ಕೊಡಗಿನ ಮಲೆಯಿಂದ ಇಳಿದು ಬರುವ ಕಾವೇರಿಯು ಮೈಸೂರು ಸೀಮೆಯಲ್ಲಿ ಬಂಡೆಗಳ ನಡುವೆ ಕವಲೊಡೆದು ಧುಮುಕುವ ತಾಣ ಚುಂಚನಕಟ್ಟೆ. ಮೊದಲು ಎಡತೊರೆ ತಾಲ್ಲೂಕು ಎಂದೂ 1924ರ ಕಾವೇರಿ ನೆರೆಯ ತರುವಾಯ ಹೊಸ ಪಟ್ಟಣ ಕಟ್ಟಿದ ಮೇಲೆ ಕೃಷ್ಣರಾಜನಗರ ತಾಲ್ಲೂಕು ಎಂದೂ ಹೆಸರು ಪಡೆದ ಪ್ರದೇಶದಲ್ಲಿ ಈ ಊರು ಬೆಳೆದಿದೆ. ನದಿಯ ದಂಡೆಯಲ್ಲಿ ಕೋದಂಡರಾಮನ ದೇವಾಲಯ, ಅದರ ಬದಿಯಲ್ಲೇ ಧನುಷ್ಕೋಟಿ ಎಂದು ಕರೆಯಲಾಗುವ ಜಲಪಾತ, ಸಂಕ್ರಾಂತಿಯ ಸುಮಾರಿಗೆ ಸೇರುವ ದನಗಳ ಜಾತ್ರೆ ಇವು ಚುಂಚನಕಟ್ಟೆಗೆ ಹೆಸರು ತಂದುಕೊಟ್ಟಿವೆ. ಇಲ್ಲಿಂದ ಪಡುವಲಿಗೂ ತೆಂಕಣಕ್ಕೂ ಸಾಗಿದಂತೆ ನೆಲದ ಗುಣ ಬದಲಾಗುತ್ತದೆ. ನಾಲೆಯ ನೀರುಂಡ ಬತ್ತದ ಗದ್ದೆಗಳು ಮುಗಿದು ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಕೆಂಪು ನೆಲ ಬರುತ್ತದೆ. ಅದನ್ನೂ ದಾಟಿದರೆ ಲಕ್ಷ್ಮಣತೀರ್ಥದ ಆಚೆ ನಾಗರಹೊಳೆಯ ಕಾಡು, ಹೆಗ್ಗಡದೇವನಕೋಟೆಯ ಕಬಿನಿ ಕಣಿವೆ. ಬಯಲು ಮತ್ತು ಕಾಡು ಒಂದನ್ನೊಂದು ಮುಟ್ಟುವ ಈ ನಾಲ್ಕು ತಾಲ್ಲೂಕುಗಳ ಸೀಮೆಯು ಎರಡು ಶತಮಾನಗಳಿಂದ ನಾನಾ ಶಾಸ್ತ್ರಗಳ ಸಂಶೋಧಕರನ್ನು ಸೆಳೆದಿದೆ. ಆ ಸಂಶೋಧನೆಯ ಚರಿತ್ರೆಯನ್ನು, ಅದರಲ್ಲಿಯೂ ಕಾಡಿನ ಸಮುದಾಯಗಳ ಬಗೆಗೆ ಬರೆದಿಟ್ಟುದರ ಚರಿತ್ರೆಯನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಚುಂಚನಕಟ್ಟೆಯ ಸ್ಥಳಪುರಾಣವು ಈ ವಿಷಯಕ್ಕೆ ಸಹಜವಾದ ಪ್ರವೇಶದ್ವಾರವಾಗಿದೆ. ವನವಾಸದ ಕಾಲದಲ್ಲಿ ರಾಮ, ಸೀತೆ, ಲಕ್ಷ್ಮಣರು ಈ ಕಾಡಿಗೆ ಬಂದರು. ಇಲ್ಲಿ ವಾಸವಾಗಿದ್ದ ಚುಂಚ ಮತ್ತು ಚುಂಚಿ ಎಂಬ ಕಾಡಿನ ದಂಪತಿಗಳು ಅವರನ್ನು ಬೇಡಿಕೊಂಡು ತಮ್ಮಲ್ಲಿ ಉಳಿಸಿಕೊಂಡರು. ಸೀತೆಯ ಸ್ನಾನಕ್ಕೆ ನೀರು ಬೇಕಾದಾಗ ಬಾಣವೊಂದು ಬಂಡೆಯನ್ನು ಸೀಳಿತು. ಚಿಮ್ಮಿದ ನೀರಿನಲ್ಲಿ ಅರಿಸಿನ, ಎಣ್ಣೆ, ಸೀಗೆಗಳ ಬಣ್ಣ ಬೆರೆಯಿತು ಎಂದು ಕಥೆ ಮುಂದುವರಿಯುತ್ತದೆ. ಗರ್ಭಗುಡಿಯಲ್ಲಿ ಸೀತೆ ರಾಮನ ಬಲಭಾಗದಲ್ಲಿ ನಿಂತಿರುವುದಕ್ಕೂ, ಹೊರಗೆ ಮೊರೆಯುವ ಜಲಪಾತದ ಸದ್ದು ಒಳಗೆ ಕೇಳದಿರುವುದಕ್ಕೂ ಒಂದೊಂದು ಕಥೆಯಿದೆ. ಈ ಬಗೆಯ ಐತಿಹ್ಯಗಳು ಕರ್ನಾಟಕದ ರಾಮಕ್ಷೇತ್ರಗಳಲ್ಲೆಲ್ಲ ಕೇಳಿಬರುತ್ತವೆ. ಆದರೆ ಇಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ದೇವಾಲಯ ರಾಮನದು, ಜಾತ್ರೆ ರಾಮನದು. ಊರಿನ ಹೆಸರು ಮಾತ್ರ ಅತಿಥಿಯದಲ್ಲ, ಆತಿಥ್ಯ ನೀಡಿದವನದು. ಬಂದವನು ದೇವರಾದರೂ ನೆಲ ಮೊದಲೇ ಒಬ್ಬನದಾಗಿತ್ತು ಎಂಬ ತಿಳಿವಳಿಕೆ ಸ್ಥಳನಾಮದಲ್ಲಿ ಉಳಿದುಬಂದಿದೆ. ಸೀತೆಯ ಸ್ನಾನದ ಸೀಗೆಯಂಥದೂ ಕಾಡಿನ ಕಿರು ಉತ್ಪನ್ನವೇ ಆಗಿದ್ದು, ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಗಿರಿಜನ ವಿವಿಧೋದ್ದೇಶ ಸಹಕಾರ ಸಂಘಗಳು ಇಂಥ ವಸ್ತುಗಳ ಸಂಗ್ರಹಕ್ಕಾಗಿಯೇ ಹುಟ್ಟಿಕೊಂಡವು ಎಂಬುದನ್ನು ಇಲ್ಲಿ ನೆನೆಯಬಹುದು.

ಚುಂಚನಕಟ್ಟೆಗೆ ಸಮೀಪದಲ್ಲಿಯೇ ಇರುವ ಚಿಕ್ಕಹನಸೋಗೆಯ ಶಾಸನಗಳನ್ನು ಈ ಐತಿಹ್ಯದ ಪಕ್ಕದಲ್ಲಿಟ್ಟು ನೋಡಬೇಕು. ಚಂಗಾಳ್ವರ ಕಾಲದಲ್ಲಿ ಪ್ರಸಿದ್ಧ ಜೈನ ಕೇಂದ್ರವಾಗಿದ್ದ ಈ ಊರಿನಲ್ಲಿ ತ್ರಿಕೂಟ ಬಸದಿಯೊಂದು ಉಳಿದಿದೆ. ಹನ್ನೊಂದನೆಯ ಶತಮಾನದ ಸುಮಾರಿನ ಇಲ್ಲಿಯ ಶಾಸನಗಳು ಹನಸೋಗೆಯ ಬಸದಿಗಳ ಮೂಲವನ್ನು ದಶರಥನ ಮಗನೂ ಲಕ್ಷ್ಮಣನ ಅಣ್ಣನೂ ಆದ ರಾಮನವರೆಗೆ ಒಯ್ಯುತ್ತವೆ. ರಾಮನಿಂದ ಆರಂಭವಾದ ದತ್ತಿಯನ್ನು ಗಂಗರು ಮುಂದುವರಿಸಿದರು, ಬಳಿಕ ಚಂಗಾಳ್ವರು ಅದನ್ನು ಪುನರುದ್ಧರಿಸಿದರು ಎಂಬುದು ಅವುಗಳ ನಿರೂಪಣೆ. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಈ ಶಾಸನಗಳು ಅಚ್ಚಾದವು. ಅಂದಿನಿಂದ ಅವು ಚಂಗಾಳ್ವರ ಚರಿತ್ರೆಗೆ ಮುಖ್ಯ ಆಕರಗಳೆಂದು ಮಾನ್ಯವಾಗಿವೆ.

ರಾಮನು ಬಸದಿಗೆ ದತ್ತಿ ಬಿಟ್ಟನೆಂಬುದನ್ನು ಯಾವ ಇತಿಹಾಸಕಾರನೂ ಅಕ್ಷರಶಃ ನಂಬುವುದಿಲ್ಲ. ಚುಂಚನ ಮನೆಯಲ್ಲಿ ರಾಮನು ತಂಗಿದನೆಂಬುದನ್ನೂ ಅಷ್ಟೇ. ಆದರೂ ಮೊದಲನೆಯದು ಶಾಸನ ಸಂಪುಟದಲ್ಲಿ ಕ್ರಮಸಂಖ್ಯೆ ಪಡೆದು ಇತಿಹಾಸದ ಆಕರವಾಯಿತು, ಎರಡನೆಯದು ಕ್ಷೇತ್ರಮಹಾತ್ಮೆಯ ಕಿರುಹೊತ್ತಗೆಗಳಲ್ಲಿ ದಂತಕಥೆಯಾಗಿ ಉಳಿಯಿತು. ಎರಡೂ ಮಾಡುವ ಕೆಲಸ ಮಾತ್ರ ಒಂದೇ. ಹನಸೋಗೆಯ ಶಾಸನವು ರಾಮನ ಹೆಸರಿನಲ್ಲಿ ಬಸದಿಯ ಭೂಮಿಯ ಮೇಲಿನ ಹಕ್ಕನ್ನು ಪ್ರಾಚೀನವೆಂದು ಸಾರುತ್ತದೆ. ಚುಂಚನಕಟ್ಟೆಯ ಐತಿಹ್ಯವು ರಾಮನ ಹೆಸರಿನಲ್ಲಿ ಕಾಡಿನವರ ಮೊದಲ ನೆಲೆಯನ್ನು ಸಾರುತ್ತದೆ. ಒಂದು ಕಲ್ಲಿನ ಮೇಲಿದೆ, ಇನ್ನೊಂದು ನಾಲಗೆಯ ಮೇಲಿದೆ ಎಂಬುದೇ ವ್ಯತ್ಯಾಸ. ಚುಂಚನನ್ನು ಇಂದಿನ ಯಾವುದಾದರೂ ಒಂದು ಬುಡಕಟ್ಟಿನ ಮೂಲಪುರುಷನೆಂದು ಗುರುತಿಸುವುದು ಸರಿಯಾಗದು. ಕಥೆ ಅವನಿಗೆ ಕುಲವನ್ನು ಹೇಳುವುದಿಲ್ಲ, ಕಾಡನ್ನಷ್ಟೇ ಹೇಳುತ್ತದೆ. ಆದರೆ ನಾಲಗೆಯ ಮೇಲಿನ ಹಕ್ಕನ್ನು ಸಂಶೋಧನೆಯು ಹೇಗೆ ನೋಡಿತು ಎಂಬ ಪ್ರಶ್ನೆ ಕಥೆಯ ಮಟ್ಟದಲ್ಲಿ ಮುಗಿಯುವಂಥದಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿ ಅದು ಸಾವಿರಾರು ಕುಟುಂಬಗಳ ನೆಲೆಯ ಪ್ರಶ್ನೆಯಾಗಿದೆ.

ಕಾಡಿನವರನ್ನು ಬರೆದಿಟ್ಟವರು

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದನು. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಗೂ ಅವನು ಬಂದಿದ್ದನು. ಬುಕಾನನ್ ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯವಿಜ್ಞಾನಿ, ಕೆಲಸದಿಂದ ಕಂಪೆನಿಯ ಸಮೀಕ್ಷಕ. ಬೆಳೆ, ಮಣ್ಣು, ಮರ, ಜಾತಿ, ಮದುವೆಯ ಕಟ್ಟಳೆ, ಕೂಲಿಯ ದರ ಎಲ್ಲವೂ ಅವನ ದಿನಚರಿಯಲ್ಲಿ ಒಟ್ಟಿಗೇ ಬರುತ್ತವೆ. ಇಂದು ಹತ್ತು ವಿಭಾಗಗಳಿಗೆ ಹಂಚಿಹೋಗಿರುವ ಜ್ಞಾನವನ್ನು ಅವನು ಒಬ್ಬನೇ ಕಲೆಹಾಕಿದನು. ಆದಾಯ ತರುವ ಸೀಮೆಯನ್ನು ಅರಿತುಕೊಳ್ಳುವುದು ಅದರ ಹಿಂದಿದ್ದ ಗುರಿ ಎಂಬುದನ್ನು ಮರೆಯುವಂತಿಲ್ಲ.

ಕಾಡುಕುರುಬರನ್ನು ಕುರಿತು ಬುಕಾನನ್ ಬರೆದಿರುವುದು ಕೆಲವೇ ಪುಟ. ಅವರ ಬಡತನ, ಗುಡಿಸಲು, ಕೆದರಿದ ಕೂದಲುಗಳ ಬಗೆಗೆ ತಿರಸ್ಕಾರ ಬೆರೆತ ಮಾತುಗಳಿವೆ. ಆದರೆ ಅದೇ ಭಾಗದಲ್ಲಿ ಬಹಳ ಬೆಲೆಯುಳ್ಳ ಒಂದು ಮಾಹಿತಿ ಇದೆ. ಕಾಡಂಚಿನ ರೈತರು ಇವರನ್ನು ಬೆಳೆಯ ಕಾವಲಿಗೆ ಇಟ್ಟುಕೊಳ್ಳುತ್ತಿದ್ದರು, ರಾತ್ರಿಯ ಹೊತ್ತು ಆನೆ ಮತ್ತು ಕಾಡುಹಂದಿಗಳನ್ನು ಇವರು ಅಟ್ಟುತ್ತಿದ್ದರು, ಬಿದಿರಿನ ಪಂಜು ಹಿಡಿದು ಆನೆಯ ಎದುರಿಗೇ ನುಗ್ಗುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ. ಬಯಲಿನ ಬೇಸಾಯಕ್ಕೂ ಕಾಡಿನ ಸಮುದಾಯಕ್ಕೂ ಇದ್ದ ಸಂಬಂಧದ ಪ್ರಾಚೀನ ಲಿಖಿತ ಪುರಾವೆಗಳಲ್ಲಿ ಇದೂ ಒಂದು. ಕಾಡಿನವರು ಬಯಲಿಗೆ ಹೊರಗಿನವರಾಗಿರಲಿಲ್ಲ, ಬಯಲಿನ ಅನ್ನಕ್ಕೆ ಕಾವಲಾಗಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬರವಣಿಗೆಯ ಸ್ವರೂಪ ಬದಲಾಯಿತು. ರೈಸ್ ಅವರ ಮೈಸೂರು ಗೆಜೆಟಿಯರ್ 1877ರಲ್ಲಿ ಪ್ರಕಟವಾಗಿ 1897ರಲ್ಲಿ ಪರಿಷ್ಕರಣಗೊಂಡಿತು. ಅದರಲ್ಲಿ ಊರು, ಜಾತಿ, ಬೆಳೆ, ನದಿ ಇವು ಬೇರೆ ಬೇರೆ ಶೀರ್ಷಿಕೆಗಳಡಿ ಹಂಚಿಕೆಯಾದವು. ಇದೇ ಅವಧಿಯಲ್ಲಿ ಜಿ. ಪಿ. ಸ್ಯಾಂಡರ್ಸನ್ 1873–74ರಲ್ಲಿ ಮೈಸೂರಿನಲ್ಲಿ ಖೆಡ್ಡಾ ಆರಂಭಿಸಿದನು. ಮುಂದೆ ಹೆಗ್ಗಡದೇವನಕೋಟೆಯ ಕಾಕನಕೋಟೆಯು ಖೆಡ್ಡಾಕ್ಕೆ ಜಗತ್ಪ್ರಸಿದ್ಧವಾಯಿತು. ಆನೆಯ ಜಾಡು ಹಿಡಿಯುವುದರಿಂದ ಹಿಡಿದು ಸೆರೆಯಾದ ಆನೆಯನ್ನು ಪಳಗಿಸುವವರೆಗೆ ಕುರುಬರ ತಿಳಿವಳಿಕೆಯಿಲ್ಲದೆ ಖೆಡ್ಡಾ ಸಾಗುವಂತಿರಲಿಲ್ಲ. ಅತಿಥಿಗಳಾಗಿ ಬಂದ ವೈಸ್‌ರಾಯ್‌ಗಳ ಹೆಸರುಗಳು ಅರಮನೆಯ ಕಡತದಲ್ಲಿವೆ, ಜಾಡು ಹಿಡಿದವರು ‘ಕಾಡುಜನ’ ಎಂಬ ಒಂದು ಪದದಲ್ಲಿ ಅಡಗಿಹೋಗಿದ್ದಾರೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮೂರು ವರ್ಷಗಳ ಬಳಿಕ ಕಬಿನಿ ಜಲಾಶಯದ ಹಿನ್ನೀರು ಕಾಕನಕೋಟೆಯ ಹಳೆಯ ನೆಲೆಗಳನ್ನು ನುಂಗಿತು.

1901ರ ಜನಗಣತಿಯೊಡನೆ ರಿಸ್ಲೆಯ ಯೋಜನೆಯಂತೆ ಭಾರತದಾದ್ಯಂತ ಜನಾಂಗ ಸಮೀಕ್ಷೆ ಆರಂಭವಾಯಿತು. ಮೈಸೂರಿನಲ್ಲಿ ಈ ಹೊಣೆ ಎಚ್. ವಿ. ನಂಜುಂಡಯ್ಯನವರದಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾದ ಅವರು 1920ರಲ್ಲಿ ತೀರಿಕೊಂಡಾಗ ಕೆಲಸ ಅಪೂರ್ಣವಾಗಿತ್ತು. ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಪೂರ್ಣಗೊಳಿಸಿದರು. ‘ಮೈಸೂರಿನ ಬುಡಕಟ್ಟುಗಳು ಮತ್ತು ಜಾತಿಗಳು’ ಎಂಬ ಅರ್ಥದ ಹೆಸರುಳ್ಳ ಇಂಗ್ಲಿಷ್ ಗ್ರಂಥ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಮದರಾಸಿನಲ್ಲಿ ಎಡ್ಗರ್ ಥರ್ಸ್ಟನ್ ಅವರ ಏಳು ಸಂಪುಟಗಳು 1909ರಲ್ಲಿಯೇ ಹೊರಬಂದಿದ್ದವು. ಮೂಗಿನ ಉದ್ದಗಲ, ತಲೆಬುರುಡೆಯ ಅಳತೆಗಳಿಗೆ ಈ ಕಾಲ ಕೊಟ್ಟ ಮಹತ್ವ ಇಂದು ವಿಚಿತ್ರವೆನಿಸುತ್ತದೆ. ಆದರೂ ನಂಜುಂಡಯ್ಯ–ಅಯ್ಯರ್ ಸಂಪುಟಗಳಲ್ಲಿ ಆಚರಣೆ, ಕುಲ, ದೈವ, ಪಂಚಾಯಿತಿಗಳ ಬಗೆಗಿನ ವಿವರಗಳು ಸಮೃದ್ಧವಾಗಿವೆ ಎಂಬುದನ್ನು ಒಪ್ಪಬೇಕು. ಕನ್ನಡ ಬಲ್ಲ ಅಧಿಕಾರಿಗಳು ಕನ್ನಡದಲ್ಲಿಯೇ ಕೇಳಿ ಪಡೆದ ಮಾಹಿತಿಯಾದ್ದರಿಂದ ಅದಕ್ಕೆ ಥರ್ಸ್ಟನ್‌ನಲ್ಲಿ ದೊರೆಯದ ನಿಕಟತೆ ಇದೆ.

ಸಾಹಿತ್ಯವು ಈ ಜನರನ್ನು ಕಂಡ ಬಗೆ ಬೇರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರು ಅಳತೆಗೆ ಒಳಗಾಗುವ ವಸ್ತುಗಳಲ್ಲ; ಅರಸನೊಡನೆ ಮಾತಾಡುವ, ಕಾಡಿನ ಮೇಲಿನ ತಮ್ಮ ಅಧಿಕಾರವನ್ನು ಬಲ್ಲ ಜನ. ಸಮೀಕ್ಷೆಯ ಸಂಪುಟಗಳು ಕೇಳದೆ ಬಿಟ್ಟ ಪ್ರಶ್ನೆಯನ್ನು ನಾಟಕವೊಂದು ಕೇಳಿತೆಂಬುದು ಚರಿತ್ರೆಯ ಒಂದು ಸೋಜಿಗ.

ಹಾಡು, ನುಡಿ, ನೆನಪು

ಸ್ವಾತಂತ್ರ್ಯಾನಂತರ ಮೈಸೂರು ನಗರವು ಸಂಶೋಧನಾ ಸಂಸ್ಥೆಗಳ ಕೇಂದ್ರವಾಯಿತು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರ, 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಒಂದರ ಹಿಂದೆ ಒಂದು ತಲೆಯೆತ್ತಿದವು. ಜೇನುಕುರುಬರ ಬದುಕನ್ನು ಕುರಿತು ಮಾನವಶಾಸ್ತ್ರಜ್ಞ ಪಿ. ಕೆ. ಮಿಶ್ರ ಕೆಲಸ ಮಾಡಿದರು. ಯು. ಪಿ. ಉಪಾಧ್ಯಾಯರು ಕುರುಬ ನುಡಿಯನ್ನು ಕನ್ನಡದ ಉಪಭಾಷೆಯೆಂದು ತಳ್ಳಿಬಿಡದೆ ದ್ರಾವಿಡ ಭಾಷೆಗಳ ಸಾಲಿನಲ್ಲಿಟ್ಟು ಪರಿಶೀಲಿಸಿದರು. ನೀಲಗಿರಿಯ ಕಡೆಯ ಜೇನುಕುರುಬ ನುಡಿಯನ್ನು ಕುರಿತ ಕಮಿಲ್ ಜ್ವೆಲೆಬಿಲ್ ಅವರ ಲೇಖನ 1988ರಲ್ಲಿ ಬಂದಿತು. ಇದೇ ಕಾಲದಲ್ಲಿ ಜೀ. ಶಂ. ಪರಮಶಿವಯ್ಯನವರ ಪೀಳಿಗೆಯು ಜಾನಪದವನ್ನು ವಿಶ್ವವಿದ್ಯಾನಿಲಯದ ಅಧ್ಯಯನ ವಿಷಯವಾಗಿ ಕಟ್ಟಿತು. ಮೈಸೂರಿನ ಜಾನಪದ ವಸ್ತುಸಂಗ್ರಹಾಲಯವೂ ಆ ಉತ್ಸಾಹದ ಫಲವೇ.

ಈ ಸಾಧನೆಯ ಹಿರಿಮೆಯನ್ನು ಎಷ್ಟು ಹೇಳಿದರೂ ಸಾಲದು. ಆದರೆ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಆರಂಭದ ಜಾನಪದ ಸಂಗ್ರಾಹಕರ ಕಣ್ಣು ಪಠ್ಯದ ಮೇಲಿತ್ತು. ಹಾಡಿನ ಸೊಗಸು, ಆಶಯ, ಪಾಠಾಂತರ ಇವುಗಳ ವಿವೇಚನೆ ನಡೆಯಿತು. ಹಾಡಿದವರ ಹೆಸರು ಅನುಬಂಧದಲ್ಲಿ ಬಂದರೆ ಅದೇ ಹೆಚ್ಚು. ಆ ಹಾಡು ಯಾವ ಹಾಡಿಯಲ್ಲಿ, ಯಾವ ದೈವದ ಮುಂದೆ, ಯಾವ ಋತುವಿನಲ್ಲಿ ಹುಟ್ಟುತ್ತದೆ, ಅದರಲ್ಲಿ ಬರುವ ಮರ, ಹಳ್ಳ, ಗುಡ್ಡಗಳು ನೆಲದ ಮೇಲೆ ಎಲ್ಲಿವೆ ಎಂಬುದು ಬಹುಮಟ್ಟಿಗೆ ಬರೆಯದೇ ಹೋಯಿತು. ಜೇನುಕುರುಬರ ಪ್ರಾರ್ಥನೆಗಳಲ್ಲಿ ಸ್ಥಳನಾಮಗಳಿಗಿರುವ ಸ್ಥಾನವನ್ನು ಬಲ್ಲವರಿಗೆ ಇದು ಸಣ್ಣ ಲೋಪವಲ್ಲ. ಮೌಖಿಕ ಪರಂಪರೆಯಲ್ಲಿ ಹೆಸರುಗಳ ಪಟ್ಟಿ ಅಲಂಕಾರವಾಗಿರುವುದಿಲ್ಲ. ಅದು ಎಲ್ಲೆಯ ವಿವರ. ಬಯಲುನಾಡಿನ ದತ್ತಿಶಾಸನಗಳಲ್ಲಿ ಮೂಡಲು ಇಂಥ ಕಲ್ಲು, ತೆಂಕಲು ಇಂಥ ಮರ ಎಂದು ಬರುವ ಎಲ್ಲೆಕಟ್ಟಿನ ಭಾಗವನ್ನು ಶಾಸನತಜ್ಞರು ಎಂದೂ ಬಿಟ್ಟುಕೊಟ್ಟವರಲ್ಲ.

ನೆನಪಿನ ಪ್ರಾಮಾಣ್ಯವನ್ನು ಕುರಿತು ಸಮಾಜಶಾಸ್ತ್ರದ ಒಂದು ಪ್ರಸಂಗ ಇಲ್ಲಿ ಪ್ರಸ್ತುತ. ಮೈಸೂರು ಜಿಲ್ಲೆಯದೇ ಒಂದು ಗ್ರಾಮವನ್ನು ‘ರಾಮಪುರ’ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸರು ವರ್ಷಗಳ ಕಾಲ ಸಂಸ್ಕರಿಸಿದ ಟಿಪ್ಪಣಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಅವರು ಬಹುಪಾಲು ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಪ್ರಕಟವಾಗಿ ಭಾರತೀಯ ಸಮಾಜಶಾಸ್ತ್ರದ ಶ್ರೇಷ್ಠ ಕೃತಿಗಳಲ್ಲಿ ಒಂದೆನಿಸಿತು. ವಿದ್ವಾಂಸನೊಬ್ಬನ ನೆನಪನ್ನು ಶಾಸ್ತ್ರವೆಂದು ಒಪ್ಪಿದ ಲೋಕ ಹಾಡಿಯ ಹಿರಿಯನ ನೆನಪಿಗೆ ಮಾತ್ರ ಬೇರೆ ಸಾಕ್ಷಿ ತರಹೇಳುತ್ತದೆ.

ನೆತ್ತರು ಮತ್ತು ಮದ್ದು

ಆರೋಗ್ಯ ಸಂಶೋಧನೆಯು ಈ ಸಮುದಾಯಗಳ ಬಳಿಗೆ ಬಂದ ದಾರಿಯೂ ಸ್ವಾರಸ್ಯಕರವಾಗಿದೆ. ಕುಡುಗೋಲುಕಣ ರಕ್ತಹೀನತೆಯ ಲಕ್ಷಣ ಭಾರತದಲ್ಲಿದೆ ಎಂದು ಜಗತ್ತಿಗೆ ತಿಳಿದದ್ದು 1952ರಲ್ಲಿ. ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಬುಡಕಟ್ಟುಗಳ ರಕ್ತಪರೀಕ್ಷೆಯಿಂದ ಅದನ್ನು ಕಂಡರು. ನೀಲಗಿರಿ, ವಯನಾಡು, ನಾಗರಹೊಳೆ ಒಂದಕ್ಕೊಂದು ಹೊಂದಿಕೊಂಡ ಕಾಡುಗಳಾದ್ದರಿಂದ ಈ ಶೋಧದ ಮಹತ್ವ ಹೆಗ್ಗಡದೇವನಕೋಟೆಯವರೆಗೂ ಚಾಚುತ್ತದೆ. ಆದರೆ ಅಂದಿನ ಸಂಶೋಧಕರ ಮುಂದಿದ್ದ ಪ್ರಶ್ನೆ ಚಿಕಿತ್ಸೆಯದಾಗಿರಲಿಲ್ಲ, ‘ವೆಡ್ಡಾಯ್ಡ್’ ಎಂದು ಕರೆಯಲಾಗುತ್ತಿದ್ದ ಜನರ ಮೂಲ ಯಾವುದೆಂಬುದಾಗಿತ್ತು. ತಲೆಬುರುಡೆಯ ಸ್ಥಾನದಲ್ಲಿ ನೆತ್ತರು ಬಂದಿತ್ತು, ಕುತೂಹಲ ಹಳೆಯದೇ ಆಗಿತ್ತು. ಈ ರೋಗದ ನಿರ್ಮೂಲನಕ್ಕೆಂದು ರಾಷ್ಟ್ರೀಯ ಅಭಿಯಾನವೊಂದು ಆರಂಭವಾದದ್ದು 2023ರ ಜುಲೈಯಲ್ಲಿ. ಪತ್ತೆಯಾಗುವುದಕ್ಕೂ ಪರಿಹಾರಕ್ಕೂ ನಡುವೆ ಎಪ್ಪತ್ತೊಂದು ವರ್ಷ.

ಹೆಗ್ಗಡದೇವನಕೋಟೆಯಲ್ಲಿ ವೈದ್ಯಕೀಯವು ಬೇರೊಂದು ರೀತಿಯಲ್ಲಿಯೂ ಬೇರೂರಿತು. 1984ರಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಕಾಡಿನಿಂದ ಹೊರಬಂದ ಕುಟುಂಬಗಳಿದ್ದ ಬ್ರಹ್ಮಗಿರಿಯಲ್ಲಿ ಕೆಲಸ ಆರಂಭಿಸಿತು. ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆಗಳು, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಬಂದವು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದಕ್ಕೆ ಹಿರಿಯ ಸಂಸ್ಥೆ. ಮಾಹಿತಿ ಪಡೆದು ಹೊರಟುಹೋಗುವ ಸಂಶೋಧಕನಿಗೂ ಅಲ್ಲಿಯೇ ನೆಲೆಸಿ ರೋಗಿಯನ್ನು ಮತ್ತೆ ಮತ್ತೆ ಕಾಣುವ ವೈದ್ಯನಿಗೂ ಇರುವ ಅಂತರವನ್ನು ಈ ಸಂಸ್ಥೆಗಳು ತೋರಿಸಿಕೊಟ್ಟವು.

ಜೇನುಕುರುಬರಲ್ಲಿ ಹಾಡಿಯ ಆಡಳಿತಕ್ಕೆ ಯಜಮಾನ, ದೈವದ ಕಾರ್ಯಕ್ಕೆ ಗುಡ್ಡ ಎಂಬ ಹಿರಿಯರಿರುತ್ತಾರೆ. ಕಾಯಿಲೆ ಬಂದಾಗ ಬೇರು, ಸೊಪ್ಪು, ಪ್ರಾರ್ಥನೆ, ಪೂರ್ವಿಕರ ಸ್ಮರಣೆ ಒಂದೇ ಕ್ರಿಯೆಯ ಅಂಗಗಳಾಗಿ ನಡೆಯುತ್ತವೆ. ಇಂಥ ಕ್ರಿಯೆಯಿಂದ ಸಸ್ಯಶಾಸ್ತ್ರಜ್ಞ ಎಲೆಯನ್ನು ಒಯ್ದ, ಜಾನಪದ ವಿದ್ವಾಂಸ ಹಾಡನ್ನು ಒಯ್ದ, ವೈದ್ಯ ರೋಗಲಕ್ಷಣವನ್ನು ಬರೆದುಕೊಂಡ. ಮೂವರ ಬರಹಗಳೂ ಮೂರು ಗ್ರಂಥಾಲಯಗಳಲ್ಲಿ ಕುಳಿತವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯು ಬುಡಕಟ್ಟು ಜನರ ಮೇಲಿನ ಸಂಶೋಧನೆ ಅವರಿಗೆ ನೇರ ಪ್ರಯೋಜನ ತರುವಂತಿದ್ದರೆ ಮಾತ್ರ ನಡೆಯಬೇಕೆಂದು ವಿಧಿಸಿದೆ, ಸಮುದಾಯದ ಒಪ್ಪಿಗೆಯನ್ನೂ ಕೇಳಿದೆ. ಹಾಡು, ಕಥೆಗಳ ಸಂಗ್ರಹಕ್ಕೆ ಇಷ್ಟು ಕಟ್ಟುನಿಟ್ಟಾದ ನಿಯಮವನ್ನು ಜಾನಪದ ಶಾಸ್ತ್ರ ತನಗೆ ತಾನು ಹಾಕಿಕೊಂಡಿಲ್ಲ.

ಸಂಶೋಧನೆಯೇ ಸಾಕ್ಷ್ಯವಾದಾಗ

ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಕೆ. ಉಲ್ಲಾಸ ಕಾರಂತರು ಎಂಬತ್ತರ ದಶಕದಿಂದ ಇಲ್ಲಿ ನಡೆಸಿದ ಹುಲಿಗಳ ಅಧ್ಯಯನ ಕಾಡನ್ನು ಜಗತ್ತಿನ ಜೀವವಿಜ್ಞಾನದ ನಕ್ಷೆಯಲ್ಲಿಟ್ಟಿತು. ಪ್ರತಿ ಹುಲಿಗೂ ಪಟ್ಟೆಗಳ ಆಧಾರದ ಮೇಲೆ ಪ್ರತ್ಯೇಕ ಗುರುತು ದೊರೆಯಿತು. ಅದೇ ದಶಕಗಳಲ್ಲಿ ಕಾಡೊಳಗಿನ ಹಾಡಿಗಳು ಹಂತಹಂತವಾಗಿ ಖಾಲಿಯಾದವು. ಕೆಲವು ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವು, ಅನೇಕರು ಕಾಡಂಚಿನಲ್ಲಿಯೂ ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿಯೂ ಚದುರಿಹೋದರು. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾದ, ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿ 2014ರಲ್ಲಿ ವರದಿ ಸಲ್ಲಿಸಿ, ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು.

ಇದರ ನಡುವೆ ಬಂದ 2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯು ಸಂಶೋಧನೆಯ ಸ್ಥಾನವನ್ನೇ ಬದಲಾಯಿಸಿತು. ಕಾಯ್ದೆಯ ನಿಯಮಗಳು 2008ರ ಜನವರಿಯಲ್ಲಿ ಜಾರಿಗೆ ಬಂದವು. ಅವುಗಳ ಹದಿಮೂರನೆಯ ನಿಯಮವು ಹಕ್ಕುಗಳನ್ನು ಸಾಬೀತುಪಡಿಸಲು ಒಪ್ಪಬಹುದಾದ ಸಾಕ್ಷ್ಯಗಳನ್ನು ಹೇಳುತ್ತದೆ. ಗೆಜೆಟಿಯರ್, ಜನಗಣತಿ, ಹಿಂದಿನ ಸಂಸ್ಥಾನಗಳ ದಾಖಲೆಗಳು ಅಲ್ಲಿವೆ. ಬಾವಿ, ಸಮಾಧಿಸ್ಥಳ, ಪವಿತ್ರ ತಾಣಗಳಿವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದೂ ಸಾಕ್ಷ್ಯವಾಗುತ್ತದೆ. ಇವುಗಳೊಡನೆ, ಮಾನವಶಾಸ್ತ್ರ ಸರ್ವೇಕ್ಷಣೆಯಂಥ ಸಂಸ್ಥೆಗಳು ಸಮುದಾಯಗಳ ರೂಢಿ ಪರಂಪರೆಗಳ ಬಗೆಗೆ ನಡೆಸಿದ ಸಂಶೋಧನೆ ಮತ್ತು ದಾಖಲಾತಿಯೂ ಸೇರಿದೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯವನ್ನು ಪರಿಗಣಿಸಬೇಕು ಎಂಬ ಮಾತು ಇಲ್ಲಿ ಬಹುಮುಖ್ಯ. ಹಿರಿಯನ ಹೇಳಿಕೆಯ ಜೊತೆಗೆ ಇನ್ನೊಂದು ಬೇಕು. ಓದುಬರಹವಿಲ್ಲದ, ಸ್ಥಳಾಂತರಗೊಂಡ ಜನಕ್ಕೆ ಆ ಇನ್ನೊಂದು ಬಹಳ ಸಲ ಯಾರೋ ಎಂದೋ ಬರೆದ ಸಂಶೋಧನೆಯೇ ಆಗಬೇಕಾಗುತ್ತದೆ. 2012ರ ತಿದ್ದುಪಡಿಯು ಉಪಗ್ರಹ ಚಿತ್ರಗಳು ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಬದಲಿಯಾಗವು ಎಂದು ಸ್ಪಷ್ಟಪಡಿಸಿತು. ಉಪಗ್ರಹಕ್ಕೆ ಉತ್ತ ಹೊಲ ಕಾಣುತ್ತದೆ, ಜೇನುಮರ ಯಾರ ಕುಲದ್ದೆಂಬುದು ಕಾಣದು.

ಹೀಗೆ ಬುಕಾನನ್ನನ ಆನೆಗಾವಲಿನ ವಿವರವೂ, ನಂಜುಂಡಯ್ಯನವರ ಸಂಪುಟದ ಕುಲಗಳ ಪಟ್ಟಿಯೂ ಗ್ರಂಥಾಲಯದಿಂದ ಗ್ರಾಮಸಭೆಗೆ ಬರುವ ಅವಕಾಶ ತೆರೆಯಿತು. ಜಾನಪದ ಸಂಗ್ರಹಗಳಿಗೂ ಈ ಅವಕಾಶವಿತ್ತು. ಆದರೆ ಹಾಡಿಯ ಹೆಸರಿಲ್ಲದ ಹಾಡು ಎಷ್ಟೇ ಸುಂದರವಾಗಿದ್ದರೂ ಅರಣ್ಯ ಹಕ್ಕು ಸಮಿತಿಯ ಮುಂದೆ ಮೂಕವಾಗುತ್ತದೆ. ಸೌಂದರ್ಯದೃಷ್ಟಿಯ ಸಂಗ್ರಹ ಕಾರ್ಯಕ್ಕೆ ತಗುಲಿದ ಬೆಲೆ ಇದು.

ಇದು ಹೀಗೆಯೇ ಆಗಬೇಕಾಗಿರಲಿಲ್ಲ ಎಂಬುದಕ್ಕೆ ನೆರೆಯ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ. ಸೋಲಿಗರ ಪ್ರತಿ ಕುಲದ ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳಿರುತ್ತವೆ. ಕಲ್ಲುಗುಡಿ ಎಂಬುದು ಪೂರ್ವಿಕರ ಸಮಾಧಿಯ ನೆಲೆ, ಅಬ್ಬಿ ನೀರಿನ ನೆಲೆ. ಸೋಲಿಗ ಸಮುದಾಯದವರೇ ಆಗಿ ಸಂಶೋಧಕರಾದ ಸಿ. ಮಾದೇಗೌಡರು ಮತ್ತು ಅಶೋಕ ಪರಿಸರ ಸಂಶೋಧನಾ ಸಂಸ್ಥೆಯ ಅವರ ಸಹೋದ್ಯೋಗಿಗಳು ಹಿರಿಯರೊಡನೆ ಕಾಡು ಸುತ್ತಿ ನೂರಾರು ತಾಣಗಳನ್ನು ನಕ್ಷೆಗೆ ತಂದರು. 2011ರಲ್ಲಿ ಅಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲಿ ಇದು ಮೊದಲನೆಯದು. ಐತಿಹ್ಯ, ಭೂಗೋಳ, ಸಸ್ಯಜ್ಞಾನಗಳನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿದ ಕೆಲಸವಿದು.

ಹೊರದೇಶಗಳಲ್ಲಿಯೂ ಈ ಪ್ರಶ್ನೆ ನ್ಯಾಯಾಲಯವನ್ನು ಏರಿದೆ. ಕೆನಡಾದ ಗಿಟ್‌ಸಾನ್ ಮತ್ತು ವೆಟ್‌ಸುವೆಟೆನ್ ಜನರು ತಮ್ಮ ನೆಲದ ಹಕ್ಕನ್ನು ಮಂಡಿಸಲು ಕುಲದ ಹಾಡುಗಳನ್ನೂ ಮೌಖಿಕ ಚರಿತ್ರೆಯನ್ನೂ ಸಾಕ್ಷ್ಯವಾಗಿ ತಂದರು. 1991ರಲ್ಲಿ ಕೆಳಗಿನ ನ್ಯಾಯಾಲಯ ಅವುಗಳಿಗೆ ಬೆಲೆ ಕೊಡಲಿಲ್ಲ. 1997ರ ಡಿಸೆಂಬರಿನಲ್ಲಿ ಡೆಲ್ಗಮೂಕ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗೆ ಸಮಾನವಾಗಿ ತೂಗಿನೋಡಬೇಕೆಂದು ಹೇಳಿತು. ಅಲ್ಲಿಯ ಹಾಡುಗಳಿಗೆ ಒಂದು ಅನುಕೂಲವಿತ್ತು: ಯಾವ ಹಾಡು ಯಾವ ಮನೆತನದ್ದು, ಯಾವ ಕಣಿವೆಯದು ಎಂಬುದು ಸಮುದಾಯದಲ್ಲಿ ಖಚಿತವಾಗಿ ಉಳಿದಿತ್ತು.

ನಾಗರಹೊಳೆಯಲ್ಲಿಯೂ ಅದು ಅಳಿದಿಲ್ಲ. ಹುಣಸೂರು–ಗೋಣಿಕೊಪ್ಪ ಹಾದಿಯ ತಿತಿಮತಿ ಬಳಿಯ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ಕುಂಡೆಹಬ್ಬಕ್ಕೆ ಜೇನುಕುರುಬರು, ಯರವರು ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ತಮ್ಮನ್ನು ಬೇಟೆಗೆ ಕರೆದೊಯ್ದು ನಡುಗಾಡಿನಲ್ಲಿ ಕೈಬಿಟ್ಟ ದೇವರನ್ನು ಬೈಯುತ್ತ ಕುಣಿಯುತ್ತಾರೆ. ಪತ್ರಿಕೆಗಳು ಇದನ್ನು ಬೈಗುಳದ ಹಬ್ಬವೆಂದು ಚಿತ್ರಸಮೇತ ಪ್ರಕಟಿಸುತ್ತವೆ. ಚದುರಿಹೋದ ಹಾಡಿಗಳ ಜನ ವರ್ಷಕ್ಕೊಮ್ಮೆ ಒಂದೆಡೆ ಕಾಣಸಿಗುವ ಸಂದರ್ಭವೆಂಬ ದೃಷ್ಟಿಯಿಂದ ಅದನ್ನು ನೋಡಿದವರು ವಿರಳ. 2025ರ ಮೇ ತಿಂಗಳಲ್ಲಿ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ದಶಕಗಳ ನಂತರ ಮರಳಿ ಗುಡಿಸಲು ಹಾಕಲು ಮುಂದಾದಾಗ, ಅವರು ಮುಂದಿಟ್ಟ ಆಧಾರಗಳಲ್ಲಿ ಪೂರ್ವಿಕರ ಸಮಾಧಿಗಳೂ ದೈವದ ನೆಲೆಗಳೂ ಇದ್ದವು.

ಕಳೆದ ಐವತ್ತು ಅರುವತ್ತು ವರ್ಷಗಳ ಜಾನಪದ ಸಂಗ್ರಹಗಳನ್ನು ಈ ದೃಷ್ಟಿಯಿಂದ ಮರಳಿ ಓದುವ ಕೆಲಸ ಹಮ್ಮಿಕೊಳ್ಳುವಂಥದು. ಅಚ್ಚಿನಲ್ಲಿ ಬಿಟ್ಟುಹೋದ ವಿವರ ಸಂಗ್ರಾಹಕರ ಕೈಬರಹದ ಟಿಪ್ಪಣಿಗಳಲ್ಲಿ ಇರಬಹುದು. ಹಾಡಿದವರ ಹಾಡಿ ಮತ್ತು ಕುಲ, ಹಾಡಿನಲ್ಲಿ ಬರುವ ಹಳ್ಳ, ಜೇನುಮರ, ದೈವದ ಕಲ್ಲು, ಇವುಗಳನ್ನು ಆಯಾ ಹಾಡಿಯ ಹಿರಿಯರೊಡನೆ ಕುಳಿತು ಗುರುತಿಸಬೇಕಾಗುತ್ತದೆ. ಕಬಿನಿಯ ನೀರು ನಿಲ್ಲುವ ಮೊದಲಿನ ಕಾಕನಕೋಟೆಯನ್ನು ಬೆಳೆದ ವಯಸ್ಸಿನಲ್ಲಿ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. ಅವರ ಹೇಳಿಕೆಯನ್ನು ಮೊದಲು ಬರೆದುಕೊಳ್ಳಬೇಕು, ಹಾಡನ್ನು ಆಮೇಲೆ.